ಅಂಗೈ ಅರಿಶಿನ

ಹೂಳು ತೆಗೆಯುವಾಗ ಬಾವಿಯೊಳಗಿಂದ ಮೇಲೇಳುವ ಒಂದು ವಾಸನೆಯಿದೆ. ಪಾಚಿ, ಕೊಳೆತ ಬೇವಿನೆಲೆ, ಎಂದೋ ಬಿದ್ದ ತಾಮ್ರದ ಕೊಡ, ತಣ್ಣನೆಯ ಕಲ್ಲು, ಎಲ್ಲ ಸೇರಿದ ವಾಸನೆ ಅದು. ಗದಗಿನ ಕಡೆಯ ತನ್ನ ಊರಿನಲ್ಲಿ ಮಹಾನಂದಾ ಚಿಕ್ಕವಳಿದ್ದಾಗ, ಬೇಸಿಗೆಯಲ್ಲಿ ಬಾವಿಯ ತಳ ಕಂಡಿತೆಂದರೆ ಹಗುರ ಮೈಯ ಮಕ್ಕಳನ್ನು ಬುಟ್ಟಿಯಲ್ಲಿ ಕೂರಿಸಿ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಕೆಸರಿನಲ್ಲಿ ಹುದುಗಿದ ಕೊಡ, ತಂಬಿಗೆಗಳನ್ನು ಹೆಕ್ಕಿ ಬುಟ್ಟಿಗೆ ಹಾಕುವುದು ಆ ಮಕ್ಕಳ ಕೆಲಸ. ಒಮ್ಮೆ ಅವಳನ್ನು ಇಳಿಸಿದವರು ಮೇಲೆ ಯಾವುದೋ ಮಾತಿಗೆ ಜಗಳಕ್ಕೆ ಬಿದ್ದು ಅವಳನ್ನು ಮರೆತೇಬಿಟ್ಟರು. ಆಕಾಶ ಒಂದು ತಾಟಿನಷ್ಟಾಗಿ ಎತ್ತರದಲ್ಲೆಲ್ಲೋ ಇತ್ತು. ಅವಳು ಕೂಗಲಿಲ್ಲ. ಕೂಗಿದರೆ ದೊಡ್ಡವರ ಜಗಳ ಇನ್ನೂ ಹೆಚ್ಚೀತೆಂದು ಹೆದರಿ, ಪಾಚಿಯ ವಾಸನೆ ಕುಡಿಯುತ್ತ ಸುಮ್ಮನೆ ಕೂತಿದ್ದಳು.

ಈಗ ಅವಳಿಗೆ ನಲವತ್ತು ದಾಟಿದೆ. ಇರುವುದು ಚಂದ್ರನ ನೆಲದಡಿಯ ಗವಿಯೂರಿನಲ್ಲಿ. ಯಾವ ಕಾಲದಲ್ಲೋ ಕರಗಿದ ಕಲ್ಲು ಹೊಳೆಯಾಗಿ ಹರಿದು ಬಿಟ್ಟುಹೋದ ಉದ್ದನೆಯ ಸುರಂಗ ಅದು. ಅದರ ಬಾಯಿ ಮುಚ್ಚಿ, ಒಳಗೆ ಗಾಳಿ ತುಂಬಿ, ಮುನ್ನೂರು ಜನರನ್ನು ತಂದಿರಿಸಿದ್ದರು. ಗೋಡೆಯುದ್ದಕ್ಕೂ ಪಾಚಿ ಬೆಳೆಯುವ ಗಾಜಿನ ಕೊಳವೆಗಳು ಹಾದುಹೋಗಿದ್ದರಿಂದ ಊರಿಗೆಲ್ಲ ಅದೇ ಬಾವಿಯ ವಾಸನೆ. ಬಂದ ಹೊಸದರಲ್ಲಿ ಅವಳಿಗೆ ಅದು ತವರಿನ ನೆನಪಾಗಿ ಹಿತವೆನಿಸಿತ್ತು. ಈಗೀಗ ಎದೆಯ ಮೇಲೆ ಯಾರೋ ಕೂತಂತಾಗುತ್ತಿತ್ತು. ಹೊರಗೆ ಹೋಗಲು ಬಾಗಿಲಿತ್ತು. ಬಾಗಿಲಾಚೆ ಹೋಗಲು ಜಾಗವಿರಲಿಲ್ಲ. ಭೂಮಿಯ ಮೇಲೆ ದೇಶದೇಶಗಳ ನಡುವೆ ಏನೋ ತಕರಾರು ಹತ್ತಿಕೊಂಡು, ಬರಬೇಕಾದ ನೌಕೆ ಬಂದಿರಲಿಲ್ಲ. ಇನ್ನು ಸ್ವಲ್ಪ ತಾಳಿರಿ ಎಂಬ ಮಾತು ಮಾತ್ರ ತಪ್ಪದೆ ಬರುತ್ತಿತ್ತು.

ಚಂದ್ರನ ಮೇಲೆ ಹಗಲೆಂದರೆ ನಮ್ಮ ಎರಡು ವಾರದಷ್ಟು, ಇರುಳೆಂದರೆ ಮತ್ತೆ ಅಷ್ಟೇ. ಗವಿಯೂರಿನವರು ಅದನ್ನು ದೊಡ್ಡಹಗಲು, ದೊಡ್ಡಿರುಳು ಎಂದು ಕರೆಯುತ್ತಿದ್ದರು. ದೊಡ್ಡಹಗಲಿನಲ್ಲಿ ಮೇಲಿನ ಕನ್ನಡಿಗಳು ಬಿಸಿಲನ್ನು ಸುರಂಗದೊಳಕ್ಕೆ ಇಳಿಸುತ್ತಿದ್ದವು. ದೊಡ್ಡಿರುಳು ಬಂತೆಂದರೆ ಕೂಡಿಟ್ಟ ವಿದ್ಯುತ್ತೆಲ್ಲ ಗಾಳಿಯಾಡಿಸುವುದಕ್ಕೆ ಮತ್ತು ಊರನ್ನು ಬೆಚ್ಚಗಿಡುವುದಕ್ಕೇ ಹೋಗುತ್ತಿತ್ತು. ಬೆಳಕಿಗೆಂದು ಉಳಿಯುವುದು ಚೂರುಪಾರು. ಓಣಿಗೊಂದು ಮಿಣುಕು ದೀಪ, ಗೋಡೆಯ ಅಂಚಿಗೆ ತಾನಾಗಿ ಹೊಳೆಯುವ ಬಣ್ಣದ ಒಂದು ಗೆರೆ, ಅಷ್ಟೇ. ಆ ಮಬ್ಬಿನಲ್ಲೇ ಜನ ಅಡುಗೆ ಮಾಡುತ್ತಿದ್ದರು, ಮಕ್ಕಳಿಗೆ ಜಡೆ ಹೆಣೆಯುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡಿ ಜಗಳವಾಡುತ್ತಿದ್ದರು. ಕಣ್ಣು ಒಗ್ಗಿಹೋಗಿತ್ತು.

ಊಟವೆಲ್ಲ ಗಿಡದ್ದು, ಪಾಚಿಯದ್ದು. ಅಷ್ಟು ದೂರ ಆಕಳನ್ನೂ ಕೋಳಿಯನ್ನೂ ಹೊತ್ತು ತಂದು, ಅವಕ್ಕೆ ಮೇವು, ನೀರು, ಉಸಿರು ಒದಗಿಸುವುದು ಆಗದ ಮಾತು. ಹಾಗಾಗಿ ಕಿತ್ತಳೆ ಬಣ್ಣದ ಪಾಚಿ, ಗಜ್ಜರಿ ಎನ್ನುವ ಕ್ಯಾರೆಟ್, ಗೆಣಸು, ಮೆಂತ್ಯದ ಸೊಪ್ಪು, ಮೇಲೆ ಒಂದು ಚಮಚ ಶೇಂಗಾ ಎಣ್ಣೆ. ಆ ಬಣ್ಣವೆಲ್ಲ ಮೈಗಿಳಿದು ಎಲ್ಲರ ಅಂಗೈ ಅಂಗಾಲು ಹಳದಿಯಾಗಿದ್ದವು. ಊರಿಗೂರೇ ಮದುವೆಯ ಅರಿಶಿನ ಹಚ್ಚಿಕೊಂಡು ಕೂತಂತೆ.

ಊಟದ ಮನೆಯ ಬಾಗಿಲಲ್ಲಿ ಒಂದು ಪೆಟ್ಟಿಗೆ ಇತ್ತು. ಅಂಗೈ ಇಟ್ಟರೆ ಒಂದು ಬೆಳಕು ಮಿಂಚಿ, ಚರ್ಮದಲ್ಲಿರುವ ಬಣ್ಣವನ್ನು ಅಳೆದು ಅಂಕಿ ತೋರಿಸುತ್ತಿತ್ತು. ಅಂಕಿ ಹೆಚ್ಚಿದ್ದಷ್ಟೂ ಎ ಜೀವಸತ್ವಕ್ಕೆ ಕೊರತೆಯಿಲ್ಲ, ಕತ್ತಲಲ್ಲಿ ಕಣ್ಣು ಚುರುಕು ಎಂದು ಲೆಕ್ಕ. ಸೂಜಿ ಚುಚ್ಚಿ ರಕ್ತ ತೆಗೆದು ನೋಡುವ ತಾಪತ್ರಯ ಬೇಡವೆಂದು ಆ ಪೆಟ್ಟಿಗೆಯನ್ನು ಮಾಡಿದವರು ಊರಿನ ಡಾಕ್ಟರು ತಹಸೀನ್. ಅದರ ಮೇಲೆ ಎಲ್ಲರಿಗೂ ಎಷ್ಟು ನಂಬಿಕೆಯೆಂದರೆ, ದೊಡ್ಡಿರುಳು ಕಾಲಿಡುವ ದಿನ ಯಾರ ಅಂಕಿ ಎಲ್ಲರಿಗಿಂತ ಮೇಲಿದೆಯೋ ಅವರೇ ಊಟದ ಮನೆಯ ದೊಡ್ಡ ದೀಪ ಆರಿಸಬೇಕೆಂಬ ಪದ್ಧತಿ ಬೆಳೆದಿತ್ತು. ಊರಿಗೆಲ್ಲ ಗಾಳಿ ಹಂಚುವ ಗಾಳಿಮನೆಯಲ್ಲಿ ಆ ಇರುಳಿಡೀ ಮುಖ್ಯ ಪಾಳಿಯೂ ಅವರದೇ.

ಆ ಅಂಕಿ ಪ್ರತಿಸಲವೂ ಮಹಾನಂದಾಳದೇ.

"ಬಂದ್ಳು ನೋಡ್ರಿ ಮದುಮಗಳು!" ಎಂದು ಕಸ್ತೂರಿ ನಕ್ಕಳು. ಮೂರನೆಯ ಓಣಿಯ ಬಾಣಂತಿ ಅವಳು; ಹೆಗಲ ಮೇಲೆ ಎಳೆಗೂಸು. "ಯಕ್ಕಾ, ನಿಮ್ಮ ಕೈಯಾಗ ಒಂದು ಹಿಡಿ ಅಕ್ಕಿ ಹಿಡದ್ರ ಅಕ್ಷತಾನ ಆಗ್ತಾವ. ನಂದು ನೋಡ್ರಿ, ಪೆಟ್ಟಿಗಿ ಮಾರಿನ ತಿರುವ್ತೈತಿ."

"ನಿನ್ನ ಅರಿಶಿಣ ಎಲ್ಲಾ ಈಕಿ ಕುಡದ್ಲೇಳ್" ಎಂದು ಮಹಾನಂದಾ ಕೂಸಿನ ಗಲ್ಲ ಮುಟ್ಟಿದಳು. ಸುತ್ತ ಇದ್ದವರು ನಕ್ಕರು. ಆ ಮಾತಿನಲ್ಲಿ ಎಷ್ಟು ನಿಜವಿತ್ತೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಊರಿನ ಮುಖ್ಯಸ್ಥ ಗುರುನಾಥ ದೇಸಾಯಿಯವರು ಎರಡು ಮಾತಾಡಿದರು. ಮಹಾನಂದಾ ಕೈಯೆತ್ತಿ ದೀಪದ ಗುಂಡಿ ಒತ್ತಿದಳು. ಮಕ್ಕಳು ಹೋ ಎಂದು ಕೂಗಿದರು.

ಮತ್ತೆ ಅವಳ ಪಾಲಿಗೆ ಎಲ್ಲವೂ ಹೋಯಿತು.

ಉಳಿದವರಿಗೆ ಒಂದೆರಡು ನಿಮಿಷ ಕಪ್ಪು, ಆಮೇಲೆ ಮೆಲ್ಲಗೆ ಬೂದು, ಆಮೇಲೆ ಮುಖ, ತಟ್ಟೆ, ಬಾಗಿಲು. ಅವಳು ಕಾದಳು. ಹೋದ ದೊಡ್ಡಿರುಳಿನಲ್ಲಿ ಹೊಳೆಯುವ ಗೆರೆಯಾದರೂ ಕಂಡಿತ್ತು. ಈ ಸಲ ಅದೂ ಇಲ್ಲ. ಕಪ್ಪು ಕಂಬಳಿಯೊಂದನ್ನು ಮುಖಕ್ಕೆ ಸುತ್ತಿ ಕಟ್ಟಿದಂತಿತ್ತು. ಸುತ್ತ ಜನ ನಗುನಗುತ್ತ ಓಡಾಡುತ್ತಿದ್ದರು. ಅವಳು ಏನೋ ಯೋಚಿಸುತ್ತಿರುವವಳ ಹಾಗೆ ಸೆರಗು ಸರಿಮಾಡಿಕೊಳ್ಳುತ್ತ ನಿಂತೇ ಇದ್ದಳು. ಒಂದು ಹೆಜ್ಜೆ ಇಟ್ಟರೆ ಬೆಂಚೋ, ಮಗುವೋ, ಬಿಸಿ ಪಾತ್ರೆಯೋ.

ಮೊಣಕೈಗೆ ಒಂದು ಕೈ ತಾಗಿತು. "ಬರ್ರಿ ಯಕ್ಕಾ, ನಾನೂ ಆ ಕಡೇನ ಹೊಂಟೀನಿ" ಎಂದಳು ಕಸ್ತೂರಿ. ಅವಳ ಮನೆ ಆ ಕಡೆ ಅಲ್ಲ. ಮೂರನೆಯ ಓಣಿ ಇತ್ತ, ಮಹಾನಂದಾಳ ಒಂದನೆಯ ಓಣಿ ಅತ್ತ. ಹುಡುಗಿ ದಾರಿಯುದ್ದಕ್ಕೂ ಕೂಸಿನ ಬಗ್ಗೆಯೇ ಹರಟುತ್ತ ಬಂದು, ಬಾಗಿಲ ಹಿಡಿಕೆ ಕೈಗೆ ಸಿಗುವವರೆಗೂ ಮೊಣಕೈ ಬಿಡಲಿಲ್ಲ. ಏನನ್ನೂ ಕೇಳಲಿಲ್ಲ.

ಒಳಗೆ ಗಂಡ ಬಸಲಿಂಗ ಮಾತಾಡುತ್ತಲೇ ಇದ್ದ. ಪಾಚಿ ಕೊಳವೆಗಳಿಗೆ ಕಪ್ಪು ಬಟ್ಟೆ ಹೊದಿಸಿ ಮಲಗಿಸಿ ಬಂದ ಕತೆ, ಒಂದು ಬಟ್ಟೆ ಹರಿದ ಕತೆ, ಹೊಲಿಗೆ ಹಾಕಿದ ಕತೆ. ಸ್ವಭಾವದಲ್ಲಿ ಮಾತು ಕಡಿಮೆಯ ಮನುಷ್ಯ. ಇತ್ತೀಚೆಗೆ ದೊಡ್ಡಿರುಳು ಬಂತೆಂದರೆ ಬಾಯಿ ಮುಚ್ಚುತ್ತಿರಲಿಲ್ಲ. ಅವನು ಎಲ್ಲಿ ನಿಂತಿದ್ದಾನೆಂದು ಅವಳಿಗೆ ಗೊತ್ತಾಗಲೆಂದೇ ಹಾಗೆ ಎಂಬುದು ಅವಳಿಗೆ ಆ ದಿನ ಹೊಳೆಯಿತು.

"ನಿಮಗ ಗೊತ್ತಾಗೇತಲ್ರಿ?" ಎಂದಳು.

ಅವನ ಮಾತು ನಿಂತಿತು. "ನೀರಿನ ತಂಬಿಗಿ ಅಂತ ಗೋಡಿಗೆ ಕೈ ಚಾಚ್ತಿ, ನಂದಾ. ಗೊತ್ತಾಗದ ಏನ್ ಮಾಡ್ತೈತಿ."

"ಹಗಲಿ ಛಂದ ಕಾಣ್ತೈತ್ರಿ. ಬೆಳಕ ಇದ್ರ ಸೂಜ್ಯಾಗ ದಾರ ಪೋಣಸ್ತೀನಿ."

"ಡಾಕ್ಟರಿಗೆ ಹೇಳು."

"ಹೇಳಿದ್ರ ಬೆಳಕಿನ ಕ್ವಾಣಿಗೆ ಹಾಕ್ತಾರ."

ಬೆಳಕಿನ ಕೋಣೆಯೆಂದರೆ ದವಾಖಾನೆಯ ಪಕ್ಕದ ಕೋಣೆ. ದೊಡ್ಡಿರುಳಿನಲ್ಲೂ ಪೂರಾ ದೀಪ ಉರಿಯುವುದು ಅಲ್ಲಿ ಮಾತ್ರ. ಅದಕ್ಕೆ ಬೇಕಾದ ವಿದ್ಯುತ್ತನ್ನು ಪ್ರತಿ ಓಣಿಯ ಮಿಣುಕು ದೀಪದಿಂದ ಕಡಿಯಬೇಕು. ಹಿಂದೊಮ್ಮೆ ಕಾಲು ಮುರಿದವನೊಬ್ಬನನ್ನು ಅಲ್ಲಿ ಮಲಗಿಸಿದಾಗ, ಮಕ್ಕಳು ಓದುವ ದೀಪ ಆರಿಸಿದ್ದರು. ಯಾರೂ ಬೈದಿರಲಿಲ್ಲ. ಅವನೇ ಸಂಕೋಚದಿಂದ ಕಾಲು ವಾಸಿಯಾಗುವ ಮೊದಲೇ ಕುಂಟುತ್ತ ಹೊರಬಂದಿದ್ದ.

"ಮುನ್ನೂರು ಮಂದಿ ಬೆಳಕ ತಿಂದು ನಾ ಕುಂಡ್ರಾಕ ಒಲ್ಲೆ" ಎಂದಳು ಮಹಾನಂದಾ. "ಈ ಇರುಳೊಂದು ಕಳೀಲಿ. ಪಾಚಿ ಇನ್ನೊಂದು ತುತ್ತು ಹೆಚ್ಚ ತಿಂತೀನಿ, ತಾನ ಸರಿಹೋಗ್ತೈತಿ."

ಬಸಲಿಂಗ ತನ್ನ ಪಾಲಿನ ಪಾಚಿಯನ್ನೂ ಅವಳ ತಟ್ಟೆಗೆ ಸುರಿದ. ಅವಳ ಅಂಗೈ ಇನ್ನೂ ಹಳದಿಯಾಯಿತು.

ಗಾಳಿಮನೆಯಲ್ಲಿ ಆಮ್ಲಜನಕದ ದೊಡ್ಡ ದೊಡ್ಡ ಹಂಡೆಗಳಿದ್ದವು. ಒಂದು ಕಿಡಿ ಹಾರಿದರೂ ಊರು ಉಳಿಯುವುದಿಲ್ಲವೆಂದು ಅಲ್ಲಿ ವಿದ್ಯುತ್ ದೀಪವಿರಲಿಲ್ಲ, ಕೈದೀಪವನ್ನೂ ಒಯ್ಯುವಂತಿರಲಿಲ್ಲ. ಗೋಡೆಯ ಮೇಲೆ ಸಾಲಾಗಿ ಗಾಳಿಯನ್ನು ಬಿಡುವ, ತಡೆಯುವ ಕಬ್ಬಿಣದ ತಿರುಗಣೆಗಳು, ಓಣಿಗೊಂದು. ಒಂದೊಂದರ ಮೇಲೂ ಹೊಳೆಯುವ ಬಣ್ಣದಲ್ಲಿ ಓಣಿಯ ಸಂಖ್ಯೆ. ಆ ಮಿಣುಕು ಬಣ್ಣ ಓದಬಲ್ಲ ಕಣ್ಣು ಬೇಕೆಂದೇ ಅಂಗೈ ನೋಡಿ ಆಳನ್ನು ಆರಿಸುತ್ತಿದ್ದದ್ದು.

ಮಹಾನಂದಾ ಕಣ್ಣಿನ ಕೆಲಸವನ್ನು ಕೈಗೆ ಕಲಿಸಿದ್ದಳು. ಬಾಗಿಲಿನಿಂದ ಸೊಂಟದೆತ್ತರದಲ್ಲಿ ಗೋಡೆ ಸವರುತ್ತ ಬಂದರೆ ಒಂದು ಸ್ಟೂಲು. ಸ್ಟೂಲಿಗೆ ಮೊಣಕಾಲು ತಾಗಿದ ಕಡೆ ಒಂದನೆಯ ಓಣಿಯ ತಿರುಗಣೆ. ಅಲ್ಲಿಂದ ಬಲಕ್ಕೆ ಎಣಿಸಿಕೊಂಡು ಹೋದರಾಯಿತು. ಕಿವಿಯೂ ನೆರವಾಗುತ್ತಿತ್ತು. ಗಾಳಿ ಸುಸೂತ್ರವಾಗಿ ಹರಿಯುವಾಗ ಕೊಳವೆ ಒಂದು ಬಗೆಯಲ್ಲಿ ಗುನುಗುತ್ತದೆ, ಕಟ್ಟಿಕೊಂಡರೆ ಇನ್ನೊಂದು ಬಗೆ.

ಆದರೆ ಅವಳಿಗಿಂತ ಮೊದಲಿನ ಪಾಳಿ ಕಸ್ತೂರಿಯ ಗಂಡನದು. ಅವನು ಮಹಾನಂದಾ ಸ್ಟೂಲಿನವರೆಗೆ ತಡವರಿಸುತ್ತ ನಡೆಯುವುದನ್ನು ಒಮ್ಮೆ ಕಂಡಿದ್ದ. ಮಂಡಿನೋವಿರಬೇಕೆಂದುಕೊಂಡ. ಹಿರಿಯ ಹೆಣ್ಣುಮಗಳು, ಕೇಳಿದರೆ ಮುಜುಗರಪಟ್ಟಾಳು. ಆ ದಿನ ಹೋಗುವಾಗ ಸ್ಟೂಲನ್ನು ತಾನೇ ಎತ್ತಿ ತಿರುಗಣೆಗಳ ನಡುವಿಗೆ, ಕೂತಲ್ಲೇ ಎಲ್ಲವೂ ಕೈಗೆಟಕುವಂತೆ ಇಟ್ಟುಹೋದ.

ಅವಳಿಗೆ ಅದು ಕಾಣಲಿಲ್ಲ. ಸ್ಟೂಲು ಮೊಣಕಾಲಿಗೆ ತಾಗಿತು. ಕೈಯೆತ್ತಿ ಅಲ್ಲಿದ್ದ ತಿರುಗಣೆಯನ್ನು ಹಿಡಿದಳು. ಒಂದನೆಯ ಓಣಿಯ ಸೋಸುಬಟ್ಟೆ ಬದಲಿಸುವುದಿತ್ತು. ಅಲ್ಲಿಯವರೆಲ್ಲ ಆಗ ಊಟದ ಮನೆಯಲ್ಲಿದ್ದರು, ಗಾಳಿ ಸ್ವಲ್ಪ ಹೊತ್ತು ನಿಂತರೆ ಯಾರಿಗೂ ತೊಂದರೆಯಿರಲಿಲ್ಲ. ಅವಳು ತಿರುಗಣೆಯನ್ನು ಬಿಗಿಯಾಗಿ ಮುಚ್ಚಿ, ಸೋಸುಬಟ್ಟೆಯ ಮುಚ್ಚಳಕ್ಕಾಗಿ ಎಲ್ಲಿರಬೇಕೋ ಅಲ್ಲಿ ತಡಕಾಡಿದಳು. ಮುಚ್ಚಳ ಅಲ್ಲಿರಲಿಲ್ಲ. ತಡಕಾಡುತ್ತ ಹೊತ್ತು ಹೋಯಿತು. ಗುನುಗು ಬದಲಾದದ್ದು ಕಿವಿಗೆ ಬಿದ್ದರೂ, ತಾನು ಮುಚ್ಚಿದ್ದರಿಂದಲೇ ಎಂದುಕೊಂಡಳು.

ಅವಳು ಮುಚ್ಚಿದ್ದು ಮೂರನೆಯ ಓಣಿಯದು.

ಆ ಓಣಿಯಲ್ಲಿ ಆಗ ಇದ್ದವಳು ಕಸ್ತೂರಿ ಒಬ್ಬಳೇ. ಅವಳಿಗೆ ಮೊದಲು ತಲೆ ಭಾರವಾಯಿತು, ಬಾಣಂತನದ ದಣಿವೆಂದುಕೊಂಡಳು. ಮೊಲೆಗೆ ಹಚ್ಚಿದ ಕೂಸು ಚೀಪುವುದನ್ನು ಬಿಟ್ಟು ತೋಳಿನಿಂದ ಜೋಲಿತು. ಅವಳು ಕೂಸನ್ನೆತ್ತಿಕೊಂಡು ಕಿರುಚುತ್ತ ಓಣಿಯಿಂದ ಹೊರಗೋಡಿದಳು. ಯಾರೋ ಎಚ್ಚರಿಕೆಯ ಗಂಟೆ ಎಳೆದರು. ತೆರೆದ ಗಾಳಿಗೆ ಬಂದ ಮೇಲೆ ಕೂಸು ಒಮ್ಮೆ ಬಿಕ್ಕಿ, ಇನ್ನೊಮ್ಮೆ ಬಿಕ್ಕಿ, ಆಮೇಲೆ ಸುರಂಗವೆಲ್ಲ ಕೇಳುವಂತೆ ಅತ್ತಿತು. ಅಷ್ಟು ಹಿತವಾದ ಅಳು ಗವಿಯೂರಿನಲ್ಲಿ ಯಾರೂ ಕೇಳಿರಲಿಲ್ಲ.

ಗಾಳಿಮನೆಯಲ್ಲಿ ಗಂಟೆಯ ಸದ್ದು ಕೇಳಿದ ಮಹಾನಂದಾಳಿಗೆ ತಾನು ಹಿಡಿದದ್ದು ಬೇರೆ ತಿರುಗಣೆಯೆಂದು ಆಗ ತಿಳಿಯಿತು. ಅದನ್ನು ಪೂರಾ ತೆರೆದಳು. ಈ ಸಲ ಸುಮ್ಮನೆ ಕೂರಲಿಲ್ಲ. "ಯಾರರ ಬರ್ರಿ! ನನಗ ಕಣ್ಣು ಕಾಣಂಗಿಲ್ಲ! ಯಾರರ ಬರ್ರೋ!" ಎಂದು ಎದೆಯೊಡೆಯುವಂತೆ ಕೂಗಿದಳು.

ಅವಳನ್ನು ನಿಯಂತ್ರಣ ಕೊಠಡಿಗೆ ಕರೆತಂದಾಗ ದೇಸಾಯಿಯವರು ಆ ಮಾತನ್ನು ನಂಬಲೇ ಇಲ್ಲ. ಅವರ ಮುಂದಿನ ಪರದೆಯ ಮೇಲೆ ಊರಿನ ಎಲ್ಲರ ಅಂಗೈ ಅಂಕಿಗಳಿದ್ದವು.

"ಇಡೀ ಊರಾಗ ನಿಮ್ಮದು ಎಲ್ಲಾರಕಿಂತ ಮ್ಯಾಲದ. ನಿಮಗ ಕಾಣಸೂದಿಲ್ಲ ಅಂದ್ರ ನಾವೆಲ್ಲಾ ಕುರುಡ್ರಾಗಿ ತಿರಗಬೇಕಿತ್ತು. ಕೆಲಸದಾಗ ತಪ್ಪಾತು ಅಂತ ಹೇಳ್ರಿ, ಒಪ್ಪಿಕೋತೀನಿ. ಪೆಟ್ಟಿಗಿ ಮ್ಯಾಲೆ ಯಾಕ ಹಾಕ್ತೀರಿ?"

"ನಾ ಯಾರ ಮ್ಯಾಲೂ ಹಾಕವಲ್ಲೆ ಸಾಹೇಬ್ರ. ಇದ್ದದ್ದು ಹೇಳೀನಿ."

ಅಲ್ಲೇ ಇದ್ದ ತಹಸೀನ್ ಒಂದು ಸಣ್ಣ ದೀಪ ಹಚ್ಚಿ ಮಹಾನಂದಾಳ ಕಣ್ಣು ಬಿಡಿಸಿ ನೋಡಿದರು. ಬಿಳಿಗುಡ್ಡೆಯ ಅಂಚಿನಲ್ಲಿ, ಸೋಪಿನ ನೊರೆ ಒಣಗಿ ಅಂಟಿಕೊಂಡಂತೆ, ಒಂದು ಬೂದು ಚುಕ್ಕೆ ಇತ್ತು. ಡಾಕ್ಟರ ಕೈ ಅಲ್ಲೇ ನಿಂತಿತು. ಆಮೇಲೆ ಸೂಜಿ ತಂದರು. ಗವಿಯೂರಿನಲ್ಲಿ ಆ ಪರೀಕ್ಷೆಗೆಂದು ರಕ್ತ ತೆಗೆದದ್ದು ಅದೇ ಮೊದಲು.

ಫಲಿತಾಂಶ ಬಂದಾಗ ಅವರು ಪರದೆಯ ಮೇಲಿನ ಅಂಕಿಯನ್ನು ಎರಡು ಸಲ ಓದಿದರು.

"ಎ ಜೀವಸತ್ವ ಇಲ್ಲೇ ಇಲ್ಲ ಅನ್ನೂವಷ್ಟು ಕಡಿಮಿ ಐತಿ" ಎಂದರು ಕೊನೆಗೆ. "ಬಣ್ಣ ಮಾತ್ರ ತುಂಬಿ ತುಳಕಾಕತ್ತೈತಿ."

"ಎರಡೂ ಒಂದ ಅಲ್ಲೇನು?" ಎಂದರು ದೇಸಾಯಿ.

"ಅಲ್ರಿ. ನಾ ಅದನ್ನ ಒಂದ ಅಂತ ಹಿಡದು ಪೆಟ್ಟಿಗಿ ಮಾಡಿದೆ." ತಹಸೀನ್ ಮೇಜಿನ ಮೇಲಿದ್ದ ದಾರದ ತುಂಡೊಂದನ್ನು ಎತ್ತಿ ಎರಡೂ ತುದಿಗೆ ಗಂಟು ಹಾಕಿದರು. "ಗಜ್ಜರಿ ಒಳಗ, ಪಾಚಿ ಒಳಗ ಇರೂದು ಕ್ಯಾರೊಟೀನ್. ಹಿಂಗ ಒಂದು ಉದ್ದನ ದಾರ, ಎರಡು ತುದಿಗೆ ಎರಡು ಗಂಟು. ಇದರಿಂದ ಕಣ್ಣಿಗೆ ಏನೂ ಉಪಯೋಗಿಲ್ಲ. ನಾವು ಉಂಡ ಮ್ಯಾಲೆ, ಎಣ್ಣಿ ಜೋಡಿ ಕರಗಿ, ಇದು ಸಣ್ಣ ಕರುಳಿಗೆ ಹೋಗ್ತೈತಿ. ಅಲ್ಲಿ ಕರುಳಿನ ಗ್ವಾಡ್ಯಾಗ ಒಂದು ಕಿಣ್ವ ಐತಿ. ಕತ್ತರಿ ಅನ್ರಿ ಬೇಕಾದ್ರ. ಅದು ನಟ್ಟನಡುವ ಹಿಡದು ಕತ್ತರಿಸಿದ್ರ ಎರಡು ತುಂಡು. ಆ ತುಂಡು ಎ ಜೀವಸತ್ವ. ಬೇಕಾದಷ್ಟು ಮೈ ಬಳಸ್ಕೊಂತೈತಿ, ಉಳದದ್ದು ಪಿತ್ತಜನಕಾಂಗದಾಗ ಕೂಡಿಡ್ತೈತಿ. ಕಣ್ಣು ಅದರಿಂದನ ಕತ್ತಲದಾಗ ನೋಡೂ ಬಣ್ಣ ಮಾಡ್ಕೊಳ್ಳೂದು."

"ಮತ್ತ ಈಕಿಗೆ?" ಎಂದ ಬಸಲಿಂಗ. ಅವನು ಬಾಗಿಲಲ್ಲೇ ನಿಂತಿದ್ದ.

"ಇವರ ಕತ್ತರಿ ಹುಟ್ಟಾ ಮೊಂಡ. ಭಾಳ ಅಪರೂಪ, ಆದ್ರ ಇರ್ತೈತಿ. ಕತ್ತರಿಸಲಾರದ ದಾರ ಎಲ್ಲಾ ಮೈಯಾಗ ಬಿದ್ದು ಅಂಗೈಗೆ ಬಂದೈತಿ. ನನ್ನ ಪೆಟ್ಟಿಗಿ ಎಣಿಸಿದ್ದು ಆ ಕತ್ತರಿಸಲಾರದ ದಾರಾನ. ಯಾರಿಗೆ ಎಲ್ಲಾರಕಿಂತ ಕಡಿಮಿ ಐತೋ ಅವರನ್ನ ಎಲ್ಲಾರಕಿಂತ ಹೆಚ್ಚು ಅಂತ ತೋರಿಸ್ತು."

"ಊರಾಗ ಇದ್ದಾಗ ಹಿಂಗ ಇರಲಿಲ್ಲಲ್ರಿ ನನಗ" ಎಂದಳು ಮಹಾನಂದಾ.

"ಊರಾಗ ಮನ್ಯಾಗ ಎಮ್ಮಿ ಇತ್ತಿಲ್ಲೋ?"

"ಎರಡಿದ್ದೂ."

"ಅವು ಮೇದು, ಅವೇ ಕತ್ತರಿಸಿ, ಹಾಲಿನಾಗ ತಯಾರು ಮಾಡಿ ಕೊಡ್ತಿದ್ದೂ. ನಿಮಗ ಕತ್ತರಿ ಬೇಕಾಗೇ ಇರಲಿಲ್ಲ. ಅಲ್ಲಿಂದ ಪಿತ್ತಜನಕಾಂಗದಾಗ ಕೂಡಿಟ್ಟು ತಂದದ್ದು ಇಷ್ಟು ದಿನ ನಡೀತು. ಈಗ ತೀರಿತು."

ಗುಳಿಗೆಗಳ ಮಾತು ಬಂತು. ಹೊರಡುವಾಗ ತೂಕ ಇಳಿಸಬೇಕೆಂದು ಕೈಬಿಟ್ಟ ಸಾಮಾನುಗಳಲ್ಲಿ ಎ ಜೀವಸತ್ವದ ಗುಳಿಗೆಗಳೂ ಸೇರಿದ್ದವು. ಪಾಚಿ ಇದೆ, ಅಳೆಯಲು ಪೆಟ್ಟಿಗೆ ಇದೆ, ಸಿದ್ಧ ಸರಕು ಯಾಕೆ ಹೊರಬೇಕು ಎಂದು ಎಲ್ಲರೂ ಸೇರಿಯೇ ತೀರ್ಮಾನಿಸಿದ್ದರು. ದೇಸಾಯಿಯವರು ಭೂಮಿಗೆ ಸಂದೇಶ ಕಳಿಸಿದರು. ಸ್ವಲ್ಪ ತಾಳಿರಿ ಎಂದು ಉತ್ತರ ಬಂತು.

ಪ್ರಯೋಗಾಲಯದಲ್ಲಿ ಹಿಟ್ಟು ಹುದುಗಿಸುವ ಯೀಸ್ಟ್ ಇತ್ತು. ಅದರ ಜೀನುಗಳಲ್ಲಿ ಆ ಕತ್ತರಿಯನ್ನು ಸೇರಿಸಿ, ಯೀಸ್ಟಿನಿಂದಲೇ ಎ ಜೀವಸತ್ವ ಮಾಡಿಸಬಹುದೆಂದು ತಹಸೀನ್ ಕೂಡಲೇ ಕೆಲಸ ಹಿಡಿದರು. ಆದರೆ ಅದು ಕೈಗೂಡಲು ತಿಂಗಳುಗಳೇ ಬೇಕು. ಅಷ್ಟರವರೆಗೆ ಕಣ್ಣು ಕಾಯುವುದಿಲ್ಲ. ಈಗ ಒಣಗಿರುವುದು ಅಂಚು. ನಡುವಿನ ಪಾರದರ್ಶಕ ಪೊರೆ ಒಣಗಿ ಹುಣ್ಣಾದರೆ ಆಮೇಲೆ ಎಷ್ಟು ಜೀವಸತ್ವ ಕೊಟ್ಟರೂ ಹಗಲಿನ ಬೆಳಕೂ ಮರಳಿ ಬರುವುದಿಲ್ಲ. ತಹಸೀನ್ ಇದನ್ನು ಮುಚ್ಚಿಡಲಿಲ್ಲ. ಮಹಾನಂದಾಳ ಎರಡೂ ಕೈ ಹಿಡಿದು ಹೇಳಿದರು. ಆ ಹೊತ್ತಿನಲ್ಲಿ ತಣ್ಣಗಿದ್ದದ್ದು ಡಾಕ್ಟರ ಕೈಯೇ.

ಹೀಗೆ ಅವಳು ಬೆಳಕಿನ ಕೋಣೆ ಸೇರಿದಳು.

ಬಿಳಿ ಗೋಡೆ, ಬಿಳಿ ದೀಪ, ಒಂದು ಮಂಚ. ಅಲ್ಲಿ ಎಲ್ಲವೂ ಕಾಣುತ್ತಿತ್ತು, ತನ್ನ ಅರಿಶಿನದ ಅಂಗೈ ಕೂಡ. ಬಾಗಿಲು ತೆರೆದರೆ ಹೊಸ್ತಿಲಿನಿಂದಾಚೆಗೆ ಕಪ್ಪು ಗೋಡೆ. ಊರೆಂಬ ಸುರಂಗದೊಳಗೆ ಅವಳದು ಇನ್ನೊಂದು ಸುರಂಗ. ಓಣಿಗಳ ದೀಪ ಇನ್ನೂ ಕುಗ್ಗಿತೆಂದು ಅವಳಿಗೆ ಯಾರೂ ಹೇಳಲಿಲ್ಲ. ಬಸಲಿಂಗನ ಹಣೆಯ ಮೇಲಿನ ಬುಗುಟು ಹೇಳಿತು.

"ಎಲ್ಲಿ ಬಡಸ್ಕೊಂಡ್ರಿ?"

"ಕೊಳವಿಗೆ. ಅದು ದಿನಾ ಅಲ್ಲೇ ಇರ್ತೈತಿ, ನಾನ ಮರತೆ" ಎಂದು ನಕ್ಕ. ಅವಳು ನಗಲಿಲ್ಲ. ಎದ್ದು ದೀಪದ ಗುಂಡಿಗೆ ಕೈ ಹಾಕಿದಳು. ಅವನು ಆ ಕೈಯನ್ನು ಮೆಲ್ಲಗೆ ಇಳಿಸಿದ. "ಇದನ್ನ ಆರಿಸಿದ್ರ ನೀ ನನ್ನ ಬುಗುಟು ಹ್ಯಾಂಗ ನೋಡ್ತಿ?"

ಅವನು ಹೋದ ಮೇಲೆ ತಹಸೀನ್ ಕಣ್ಣಿಗೆ ಹನಿ ಹಾಕಲು ಬಂದರು. ಅವರ ಹಿಂದೆಯೇ ಕಸ್ತೂರಿ ಬಂದಳು. ಕೂಸಿನ ಉಸಿರು ಸರಿಯಿದೆಯೇ ಎಂದು ದಿನವೂ ತೋರಿಸಬೇಕಿತ್ತು. ಆ ಘಟನೆಯ ಮೇಲೆ ಇಬ್ಬರೂ ಎದುರುಬದುರಾದದ್ದು ಅದೇ ಮೊದಲು. ಮಹಾನಂದಾ ಮುಖವೆತ್ತಲಿಲ್ಲ. ಕಸ್ತೂರಿ ಮೂಲೆಯ ಕುರ್ಚಿಯಲ್ಲಿ ಕೂತು ಕೂಸಿಗೆ ಸೆರಗು ಮರೆಮಾಡಿ ಹಾಲೂಡಿಸತೊಡಗಿದಳು. ಚೀಪುವ ಸಣ್ಣ ಸದ್ದೊಂದೇ ಕೋಣೆಯಲ್ಲಿ.

"ಡಾಕ್ಟರಬಾಯಿ, ಯೀಸ್ಟು ಏನಂತೈತ್ರಿ?" ಎಂದಳು ಮಹಾನಂದಾ.

"ಇನ್ನೂ ಮಾತು ಕೇಳವಲ್ದು. ಹುಚ್ಚ ಹಿಡಸ್ತೈತಿ." ತಹಸೀನ್ ಮಂಚದ ಅಂಚಿನಲ್ಲಿ ಕುಸಿದು ಕೂತರು. ನಿದ್ದೆಗೆಟ್ಟ ಕಣ್ಣು. "ಒಂದ ಒಂದು ಆಕಳ ಇದ್ರ ಸಾಕಿತ್ತು. ಒಂದು ಕೋಳಿ. ಹೋಗ್ಲಿ, ಒಂದು ಮೀನು. ಹಸರ ತಿಂದು, ಹೊಟ್ಟ್ಯಾಗ ಕತ್ತರಿಸಿ, ತಯಾರು ಮಾಡಿ ಕೊಡೂ ಜೀವ ಯಾವುದರ ಒಂದು. ಈ ಹಾಳು ಗವಿಯೊಳಗ ಅಂಥಾದ್ದು ಒಂದೂ ಇಲ್ಲ."

ಮೂಲೆಯಲ್ಲಿ ಕೂಸಿನ ಬೆನ್ನು ತಟ್ಟುತ್ತಿದ್ದ ಕಸ್ತೂರಿಯ ಕೈ ಒಂದು ಗಳಿಗೆ ನಿಂತದ್ದನ್ನು ಇಬ್ಬರೂ ಗಮನಿಸಲಿಲ್ಲ.

ತಹಸೀನ್ ಪ್ರಯೋಗಾಲಯಕ್ಕೆ ಹೊರಟಾಗ ಕಸ್ತೂರಿಯೂ ಎದ್ದಳು. ಓಣಿಯ ಮಬ್ಬಿನಲ್ಲಿ ಡಾಕ್ಟರ ಜೊತೆ ಹೆಜ್ಜೆ ಹಾಕಿದಳು. "ಡಾಕ್ಟರಬಾಯಿ, ಒಂದು ಮಾತು ಕೇಳ್ತೀನಿ, ನಗಬ್ಯಾಡ್ರಿ" ಎಂಬುದಷ್ಟು ಮಾತ್ರ ಒಳಗೆ ಕೇಳಿಸಿತು. ಆಮೇಲಿನದು ದೂರವಾಯಿತು.

ತಹಸೀನ್ ನಗಲಿಲ್ಲ. ಅಲ್ಲೇ ಗೋಡೆಗೊರಗಿ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎದೆಹಾಲಿನಲ್ಲಿ ಇಷ್ಟು; ಒಬ್ಬಳದಾದರೆ ಏನೂ ಸಾಲದು; ಊರಿನಲ್ಲಿ ಹಾಲೂಡಿಸುವವರು ಇನ್ನೂ ನಾಲ್ವರಿದ್ದಾರೆ; ಅವರ ಪಾಚಿ, ಎಣ್ಣೆಯ ಪಾಲು ಸ್ವಲ್ಪ ಹೆಚ್ಚಿಸಿದರೆ ಕೂಸುಗಳಿಗೂ ಕೊರತೆಯಾಗದು. ಕಾಯಿಲೆ ವಾಸಿಯಾಗುವಷ್ಟಲ್ಲ, ಆದರೆ ಕಣ್ಣಿನ ಪೊರೆ ಹುಣ್ಣಾಗದಂತೆ ತಡೆಯುವಷ್ಟಾದೀತು. ಯೀಸ್ಟು ದಾರಿಗೆ ಬರುವವರೆಗೆ ತಡೆದರೆ ಸಾಕು. ಆಕಳಿಲ್ಲ, ಕೋಳಿಯಿಲ್ಲ ಎಂದು ತಾನು ಗೊಣಗಿದ ಗವಿಯಲ್ಲಿ, ಹಸಿರು ತಿಂದು ಕತ್ತರಿಸಬಲ್ಲ ಜೀವಗಳು ಓಣಿ ಓಣಿಯಲ್ಲೂ ತುಂಬಿದ್ದವು. ಅವರಿಗೆ ಅಳು ಬಂತು.

"ಉಳದವರನ್ನ ನಾ ಕೇಳ್ಲೇನು?" ಎಂದರು.

"ನೀವ್ ಕೇಳಿದ್ರ ಔಷಧ ಆಗ್ತೈತ್ರಿ. ನಾನ ಕೇಳ್ತೀನಿ" ಎಂದಳು ಕಸ್ತೂರಿ.

ಮುಂದಿನ ಊಟದ ಹೊತ್ತಿಗೆ ಬೆಳಕಿನ ಕೋಣೆಯ ಬಾಗಿಲು ಸಪ್ಪಳವಿಲ್ಲದೆ ತೆರೆಯಿತು. ಮಹಾನಂದಾ ಬಾಗಿಲಿಗೆ ಬೆನ್ನು ಮಾಡಿ ಮಲಗಿದ್ದಳು. ಬಸಲಿಂಗನೆಂದುಕೊಂಡು, "ಪಾಚಿ ತಂದಿದ್ರ ಒಯ್ರಿ, ನನಗ ಸಾಕು" ಎಂದಳು.

"ಪಾಚಿ ಅಲ್ಲ ಯಕ್ಕಾ."

ಅವಳು ಎದ್ದು ಕೂತಳು. ಕಸ್ತೂರಿ ಒಬ್ಬಳೇ ಬಂದಿದ್ದಳು, ಕೂಸು ಇರಲಿಲ್ಲ. ಕೈಯಲ್ಲಿ ಮುಚ್ಚಿದ ಸ್ಟೀಲ್ ಬಟ್ಟಲು. ಮುಚ್ಚಳ ತೆಗೆದಳು. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಆರಿಸಿ, ಮೇಲೆ ಹಾಲು ಹಾಕಿ ಕಲಸಿತ್ತು. ತೆಳುವಾದ, ನೀಲಿ ಛಾಯೆಯ ಹಾಲು.

"ಹಾಲು ಎಲ್ಲೀದು?" ಎಂದು ಕೇಳಿದವಳು ಮುಗಿಸುವ ಮೊದಲೇ ಉತ್ತರ ತಿಳಿದು ಬಾಯಿ ಮುಚ್ಚಿಕೊಂಡಳು. ಆಮೇಲೆ ತಲೆಯಾಡಿಸಿದಳು.

"ಬ್ಯಾಡ ತಂಗಿ. ಆ ಕೂಸಿನ ಉಸರ ನಿಲ್ಲಿಸಿದ ಕೈ ಇದು. ಅದರ ಪಾಲು ಈ ಕೈಯಾಗ ಇಡಬ್ಯಾಡ."

"ಆಕಿ ಹೊಟ್ಟಿ ತುಂಬಿ ಮಲಗ್ಯಾಳ. ಹಾಸಿಗಿ ತುಂಬ ಕಕ್ಯಾಳ, ಹೊಲಸ ಹುಡುಗಿ." ಕಸ್ತೂರಿ ಸೆರಗಿನಿಂದ ಬಟ್ಟಲಿನ ಅಂಚು ಒರೆಸಿದಳು. "ಇದು ನನ್ನದೊಂದ ಅಲ್ಲ. ಐದು ಮಂದೀದು ಐತಿ. ಯಾರದು ಎಷ್ಟು ಅಂತ ಕೇಳಬ್ಯಾಡ್ರಿ, ಕತ್ತಲದಾಗ ಸುರುವಿದ್ವಿ."

ಮಹಾನಂದಾ ಏನೋ ಹೇಳಲು ಹೋದಳು. ಕಸ್ತೂರಿ ಕಾಯಲಿಲ್ಲ. ಮಂಚದ ಮೇಲೆ ಅವಳ ಪಕ್ಕಕ್ಕೆ ಕೂತು, ಬಟ್ಟಲನ್ನು ಅವಳ ಎರಡೂ ಅಂಗೈಗಳ ನಡುವೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಸುತ್ತ ಮಡಚಿದಳು.